ಹಳೇ ಫೈಲ್ ಸರ್ವರ್‌ನಲ್ಲಿ ಜಾಗ ಮುಗೀತಾ ಬಂತು: ಅಳಿಸೋದಾ, ಡಿಸ್ಕ್ ಹಾಕೋದಾ, ಬೇರೆ ಕಡೆ ಸಾಗಿಸೋದಾ?

ಆಫೀಸಿನ ಫೈಲ್ ಸರ್ವರ್‌ನ ಡ್ರೈವ್ ಕೆಂಪು ಬಣ್ಣಕ್ಕೆ ತಿರುಗಿದ ಕೂಡಲೇ ಸಲಹೆಗಳು ಶುರುವಾಗುತ್ತವೆ. ದೊಡ್ಡ ಡಿಸ್ಕ್ ಹಾಕಿಬಿಡಿ ಅಂತ ಒಬ್ಬರು, ಒಂದು ನ್ಯಾಸ್ (ನೆಟ್‌ವರ್ಕ್‌ಗೆ ನೇರವಾಗಿ ಜೋಡಿಸುವ ಡಿಸ್ಕ್ ಪೆಟ್ಟಿಗೆ) ತಂದಿಡಿ ಅಂತ ಇನ್ನೊಬ್ಬರು, ಎಲ್ಲಾ ಕ್ಲೌಡ್‌ಗೆ ಹಾಕಿ ಅಂತ ಮತ್ತೊಬ್ಬರು. ಹಳೇದನ್ನೆಲ್ಲ ಅಳಿಸಿದರೆ ಮುಗೀತಲ್ಲ ಅನ್ನುವವರೂ ಇರುತ್ತಾರೆ. ಇವೆಲ್ಲವೂ ಯಾವುದಾದರೂ ಒಂದು ಆಫೀಸಿಗೆ ಸರಿಯಾದ ಉತ್ತರಗಳೇ. ನಿಮ್ಮ ಆಫೀಸಿಗೆ ಯಾವುದು ಅನ್ನುವುದು ಕಷ್ಟದ ಪ್ರಶ್ನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸರ್ವರ್ ಹಳೇದು ಅಂದಮೇಲೆ ಎಷ್ಟು ಜಿಬಿ ಸಿಗುತ್ತದೆ ಅಂತ ಕೇಳಿದರೆ ಸಾಲದು, ಎಷ್ಟು ತಿಂಗಳು ಸಿಗುತ್ತದೆ ಅಂತ ಕೇಳಬೇಕು. ಇನ್ನು ಎಂಟು ತಿಂಗಳಲ್ಲಿ ಬದಲಾಯಿಸಲೇಬೇಕಾದ ಯಂತ್ರಕ್ಕೆ ಮೂರು ವರ್ಷಕ್ಕಾಗುವಷ್ಟು ಜಾಗ ಸೇರಿಸುವುದು, ಬಾಡಿಗೆ ಮನೆ ಖಾಲಿ ಮಾಡುವ ಹೊತ್ತಲ್ಲಿ ಗೋಡೆಗೆ ಬಣ್ಣ ಬಳಿದ ಹಾಗೆ.

ತೂಗುವ ಮೊದಲು ಎರಡು ಲೆಕ್ಕ

ಮೊದಲನೆಯದು, ವಾರಕ್ಕೆ ಎಷ್ಟು ತುಂಬುತ್ತಿದೆ ಅನ್ನುವುದು. ಪ್ರತಿ ಸೋಮವಾರ ಬೆಳಿಗ್ಗೆ ಖಾಲಿ ಜಾಗ ಎಷ್ಟಿದೆ ಅಂತ ಬರೆದಿಡಿ. ನಾಲ್ಕೈದು ವಾರದಲ್ಲಿ ಅಂದಾಜು ಸಿಗುತ್ತದೆ. ಆದರೆ ಕೊನೆಯ ಜಿಬಿವರೆಗೂ ಬಳಸಬಹುದು ಅಂತ ಲೆಕ್ಕ ಹಾಕಬೇಡಿ. ವರ್ಡ್ ಸೇವ್ ಮಾಡುವಾಗ ಪಕ್ಕದಲ್ಲೇ ಒಂದು ತಾತ್ಕಾಲಿಕ ಫೈಲ್ ಬರೆದು ಆಮೇಲೆ ಹೆಸರು ಬದಲಾಯಿಸುತ್ತದೆ, ಎಕ್ಸೆಲ್ ಕೂಡ ಹಾಗೇ. ಅಂದರೆ ಇರುವ ಫೈಲನ್ನೇ ಉಳಿಸಲಿಕ್ಕೂ ಖಾಲಿ ಜಾಗ ಬೇಕು. ವಿಂಡೋಸ್‌ನ ಡಿಫ್ರಾಗ್ (ಚದುರಿದ ಫೈಲ್ ತುಣುಕುಗಳನ್ನು ಒಟ್ಟುಗೂಡಿಸುವ ಕೆಲಸ) ಸರಿಯಾಗಿ ನಡೆಯಬೇಕಾದರೆ ಸುಮಾರು 15 ಶೇಕಡಾ ಖಾಲಿ ಇರಬೇಕು. ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಬಳಸುವವರು 80 ಶೇಕಡಾ ದಾಟಿಸಬಾರದು ಅನ್ನುವುದು ಹಳೇ ಮಾತು. ಹಾಗಾಗಿ 4 ಟಿಬಿ ವಾಲ್ಯೂಮ್‌ನಲ್ಲಿ (ಒಂದೇ ಡ್ರೈವ್ ಆಗಿ ಕಾಣುವ ಜಾಗದಲ್ಲಿ) 900 ಜಿಬಿ ಖಾಲಿ ಇದ್ದರೆ, 15 ಶೇಕಡಾ ಅಂದರೆ 600 ಜಿಬಿಯನ್ನು ಮುಟ್ಟಬಾರದ್ದು ಅಂತ ಬದಿಗಿಡಿ. ಉಳಿದದ್ದು 300. ವಾರಕ್ಕೆ 10 ಜಿಬಿ ತುಂಬುತ್ತಿದ್ದರೆ ನಿಮಗಿರುವುದು 30 ವಾರ.

ಎರಡನೆಯದು, ಈ ಸರ್ವರ್‌ಗೆ ಇನ್ನೆಷ್ಟು ಆಯಸ್ಸು? ಇದಕ್ಕೆ ಬರೀ ಊಹೆ ಬೇಕಾಗಿಲ್ಲ. ವಿಂಡೋಸ್ ಸರ್ವರ್ 2012 ಆರ್2 ಗೆ ಮೈಕ್ರೋಸಾಫ್ಟ್‌ನ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿಯಿತು. 2016ರ ಆವೃತ್ತಿಗೆ 2027ರ ಜನವರಿಯವರೆಗೆ ಇದೆ. ಭದ್ರತಾ ಅಪ್‌ಡೇಟ್ ಬಾರದ ಯಂತ್ರದಲ್ಲಿ ಇಡೀ ಆಫೀಸಿನ ಫೈಲ್ ಇಟ್ಟುಕೊಂಡು ಜಾಗದ ಚಿಂತೆ ಮಾಡುವುದರಲ್ಲಿ ಅರ್ಥವಿಲ್ಲ, ಅಲ್ವಾ? ಆಪರೇಟಿಂಗ್ ಸಿಸ್ಟಮ್ ಸರಿಯಿದ್ದರೆ ಡಿಸ್ಕ್‌ಗಳ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವಿವರ) ನೋಡಿ. ರೀಅಲೊಕೇಟೆಡ್ ಸೆಕ್ಟರ್‌ಗಳ (ಕೆಟ್ಟುಹೋಗಿ ಬದಲಿ ಜಾಗ ಪಡೆದ ತುಣುಕುಗಳ) ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕ್ ಕೈಕೊಡುವ ಹಾದಿಯಲ್ಲಿದೆ.

ಈ ಎರಡರ ಜತೆಗೆ ಪ್ರತಿ ಆಯ್ಕೆಗೂ ನಾಲ್ಕು ಪ್ರಶ್ನೆ ಕೇಳುತ್ತೇನೆ. ಎಷ್ಟು ವಾರ ಸಿಗುತ್ತದೆ? ಏನಾದರೂ ಕೆಟ್ಟರೆ ಹಿಂದಕ್ಕೆ ಬರಬಹುದಾ? ಫೈಲ್ ಬಳಸುವವರ ಕೆಲಸಕ್ಕೆ ಎಷ್ಟು ತೊಂದರೆ? ಒಂದೇ ಸಲದ ಖರ್ಚಾ ಅಥವಾ ತಿಂಗಳು ತಿಂಗಳು ಬರುವ ಖರ್ಚಾ, ಮತ್ತು ಅದನ್ನು ನೋಡಿಕೊಳ್ಳುವವರು ಯಾರು?

ಅಳಿಸುವುದು: ದುಡ್ಡಿಲ್ಲ, ಆದರೆ ಪುಕ್ಕಟೆಯೂ ಅಲ್ಲ

ವಿಂಡೋಸ್‌ನಲ್ಲಿ ವಿನ್‌ಡರ್‌ಸ್ಟ್ಯಾಟ್ ಅಥವಾ ಟ್ರೀಸೈಜ್, ಲಿನಕ್ಸ್‌ನಲ್ಲಿ ಎನ್‌ಸಿಡಿಯು ಓಡಿಸಿ, ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ಇವು ತೋರಿಸುತ್ತವೆ. ಅಡ್ಮಿನಿಸ್ಟ್ರೇಟರ್ ಆಗಿಯೇ ಓಡಿಸಿ, ಇಲ್ಲದಿದ್ದರೆ ಅನುಮತಿ ಇಲ್ಲದ ಫೋಲ್ಡರ್‌ಗಳು ಲೆಕ್ಕಕ್ಕೇ ಬರುವುದಿಲ್ಲ. ಸಾಮಾನ್ಯವಾಗಿ ಸಿಗುವುದು ಇವು: ಕೆಲಸ ಬಿಟ್ಟು ಹೋದವರ ಲ್ಯಾಪ್‌ಟಾಪ್‌ನ ಪೂರ್ತಿ ನಕಲು, ಮೂರು ವಿಭಾಗದಲ್ಲಿ ಮೂರು ಸಲ ಇಟ್ಟ ಅದೇ ವಿಡಿಯೋ, ಸಾಫ್ಟ್‌ವೇರ್‌ಗಳ ಐಎಸ್‌ಒ ಫೈಲ್‌ಗಳು (ಇನ್‌ಸ್ಟಾಲ್ ಡಿಸ್ಕ್‌ನ ನಕಲು), ಔಟ್‌ಲುಕ್‌ನ ಪಿಎಸ್‌ಟಿಗಳು (ಮೇಲ್‌ಗಳನ್ನು ತುಂಬಿಟ್ಟ ಫೈಲ್). ಈ ಪಿಎಸ್‌ಟಿಗಳು ಎರಡು ಕಡೆ ಜಾಗ ತಿನ್ನುತ್ತವೆ, ಸರ್ವರ್‌ನಲ್ಲೂ ಬ್ಯಾಕಪ್‌ನಲ್ಲೂ. ಔಟ್‌ಲುಕ್‌ನಲ್ಲಿ ಸುಮ್ನೆ ತೆರೆದು ಮುಚ್ಚಿದರೂ ಫೈಲಿನ ದಿನಾಂಕ ಬದಲಾಗುತ್ತದೆ. ಫೈಲ್ ಮಟ್ಟದ ಬ್ಯಾಕಪ್ ಇದ್ದರೆ 20 ಜಿಬಿಯ ಪಿಎಸ್‌ಟಿ ದಿನವೂ ಪೂರ್ತಿಯಾಗಿ ನಕಲಾಗುತ್ತದೆ. ನೆಟ್‌ವರ್ಕ್ ಶೇರ್‌ನಲ್ಲಿಟ್ಟು ಪಿಎಸ್‌ಟಿ ಬಳಸುವುದನ್ನು ಮೈಕ್ರೋಸಾಫ್ಟ್ ಕೂಡ ಬೆಂಬಲಿಸುವುದಿಲ್ಲ.

ಜಾಗ ತಿನ್ನುವ ಇನ್ನೊಂದು ಅಂದರೆ ಸ್ಕ್ಯಾನರ್. ಇದನ್ನು ಯಾರೂ ಅನುಮಾನಿಸುವುದಿಲ್ಲ. ಒಂದು ಎ4 ಹಾಳೆಯನ್ನು 600 ಡಿಪಿಐ (ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ, ಕುಗ್ಗಿಸುವ ಮೊದಲು ಅದು ಸುಮಾರು 100 ಎಂಬಿ. 300 ಡಿಪಿಐ ಮಾಡಿದರೆ ಅದರ ಅರ್ಧವಲ್ಲ, ಕಾಲು ಭಾಗ. ಕಪ್ಪು ಬಿಳುಪು ಮಾಡಿದರೆ ಇನ್ನೂ ತೀರಾ ಕಡಿಮೆ. ಹಿಂದೆ ಯಾರೋ ಒಂದು ಫೋಟೋಗೋಸ್ಕರ 600ಕ್ಕೆ ಏರಿಸಿದ್ದು ಹಾಗೇ ಉಳಿದುಬಿಟ್ಟಿರುತ್ತದೆ, ಅಂದಿನಿಂದ ಪ್ರತಿ ಬಿಲ್ಲು, ಪ್ರತಿ ಪತ್ರ ಅದೇ ಗಾತ್ರದಲ್ಲಿ ಬಂದು ಬೀಳುತ್ತಿರುತ್ತದೆ. ಸ್ಕ್ಯಾನರ್‌ನ ಮೆನುವಿನಲ್ಲಿ ಒಂದು ಆಯ್ಕೆ ಬದಲಾಯಿಸಿದರೆ ವಾರದ ಬೆಳವಣಿಗೆಯೇ ಇಳಿಯುತ್ತದೆ. ಒಮ್ಮೆ 200 ಜಿಬಿ ಅಳಿಸುವುದಕ್ಕಿಂತ ವಾರಕ್ಕೆ 10 ಇದ್ದದ್ದನ್ನು 6ಕ್ಕೆ ಇಳಿಸುವುದು ದೂರಕ್ಕೆ ಹೆಚ್ಚು ಲಾಭ.

ಅಳಿಸುವಾಗ ಎರಡು ಅಪಾಯ ನೆನಪಿರಲಿ. ನೆಟ್‌ವರ್ಕ್ ಮೂಲಕ ಅಳಿಸಿದ ಫೈಲ್ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರವಾಗಿ ಹೋಗಿಯೇ ಬಿಡುತ್ತದೆ. ಎರಡನೆಯದು, "ಎರಡು ವರ್ಷದಿಂದ ಯಾರೂ ತೆರೆದಿಲ್ಲ" ಅಂತ ತೀರ್ಮಾನಿಸಲು ಕೊನೆಯ ಬಳಕೆಯ ದಿನಾಂಕವನ್ನು ನಂಬಬೇಡಿ. ವಿಸ್ಟಾ ಕಾಲದಿಂದ ವಿಂಡೋಸ್ ಅದನ್ನು ಬರೆದುಕೊಳ್ಳುವುದನ್ನು ಡಿಫಾಲ್ಟ್ ಆಗಿ ನಿಲ್ಲಿಸಿತ್ತು, ಹಾಗಾಗಿ ಅಲ್ಲಿ ಕಾಣುವುದು ಎಷ್ಟೋ ಸಲ ಫೈಲ್ ಹುಟ್ಟಿದ ದಿನ ಅಷ್ಟೇ. ಬದಲಾದ ದಿನಾಂಕ ನೋಡಿ, ಮತ್ತೆ ಆ ವಿಭಾಗದವರನ್ನು ಕೇಳಿ. ಅನುಮಾನ ಇರುವುದನ್ನು ಬೇರೆ ಯಾರಿಗೂ ಕಾಣದ ಒಂದು ಫೋಲ್ಡರ್‌ಗೆ ಸಾಗಿಸಿ ಎರಡು ತಿಂಗಳು ಕಾಯಿರಿ. ಯಾರೂ ಹುಡುಕಿಕೊಂಡು ಬರದಿದ್ದರೆ ಆಗ ಅಳಿಸಿ. ಜಾಗ ಸಿಗುವುದು ಆ ಎರಡು ತಿಂಗಳ ಕೊನೆಯಲ್ಲಿ, ಹಾಗಾಗಿ ಡ್ರೈವ್ ತುಂಬುವ ಹೊತ್ತಿಗಲ್ಲ, ಬಹಳ ಮೊದಲೇ ಶುರು ಮಾಡಬೇಕು.

ಲಿನಕ್ಸ್ ಸರ್ವರ್ ಇದ್ದರೆ ಒಂದು ಸುಲಭದ ಗಳಿಕೆ ಇದೆ. ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಡಿಫಾಲ್ಟ್ ಆಗಿ 5 ಶೇಕಡಾ ಜಾಗವನ್ನು ರೂಟ್‌ಗೆ (ಲಿನಕ್ಸ್‌ನ ಅಡ್ಮಿನಿಸ್ಟ್ರೇಟರ್ ಖಾತೆಗೆ) ಅಂತ ಮೀಸಲಿಡುತ್ತದೆ. 4 ಟಿಬಿಯಲ್ಲಿ ಅದು 200 ಜಿಬಿ! ಬರೀ ಡೇಟಾ ಇರುವ ವಾಲ್ಯೂಮ್ ಆದರೆ ಟ್ಯೂನ್2ಎಫ್‌ಎಸ್ ಆಜ್ಞೆಯಿಂದ ಅದನ್ನು 1 ಶೇಕಡಾಕ್ಕೆ ಇಳಿಸಬಹುದು, ಸರ್ವರ್ ನಿಲ್ಲಿಸಬೇಕಾಗಿಲ್ಲ. ಅಳಿಸಿದರೂ ಜಾಗ ವಾಪಸ್ ಬರದಿದ್ದರೆ ಯಾವುದೋ ಪ್ರೋಗ್ರಾಂ ಆ ಫೈಲನ್ನು ಇನ್ನೂ ತೆರೆದಿಟ್ಟುಕೊಂಡಿರಬಹುದು, ಅಥವಾ ಹಳೇ ಸ್ನ್ಯಾಪ್‌ಶಾಟ್‌ಗಳು (ಡ್ರೈವ್ ಆ ಹೊತ್ತಿಗೆ ಹೇಗಿತ್ತೋ ಹಾಗೆ ಉಳಿಸಿಟ್ಟ ನಕಲುಗಳು) ಆ ಫೈಲನ್ನು ಹಿಡಿದಿಟ್ಟುಕೊಂಡಿರಬಹುದು.

ಸಿ ಡ್ರೈವ್ ತುಂಬಿದ್ದರೆ ವಿಂಡೋಸ್ ಫೋಲ್ಡರಿನ ಒಳಗಿರುವ ಇನ್‌ಸ್ಟಾಲರ್ ಫೋಲ್ಡರ್‌ಗಾಗಲೀ ವಿನ್‌ಎಸ್‌ಎಕ್ಸ್‌ಎಸ್ (ವಿಂಡೋಸ್ ತನ್ನ ಭಾಗಗಳನ್ನು ಇಟ್ಟುಕೊಳ್ಳುವ) ಫೋಲ್ಡರ್‌ಗಾಗಲೀ ಕೈ ಹಾಕಬೇಡಿ. ಎರಡನೆಯದಕ್ಕೆ ಡಿಸ್ಮ್ ಆಜ್ಞೆ ಇದೆ, ಅದರಿಂದಲೇ ಮಾಡಿ.

ಕೋಟಾ

ಪ್ರತಿಯೊಬ್ಬರಿಗೂ ಇಷ್ಟೇ ಜಾಗ ಅಂತ ಮಿತಿ ಹಾಕುವುದು. ವಿಂಡೋಸ್ ಸರ್ವರ್‌ನಲ್ಲಿ ಫೈಲ್ ಸರ್ವರ್ ರಿಸೋರ್ಸ್ ಮ್ಯಾನೇಜರ್ ಇದನ್ನು ಫೋಲ್ಡರ್ ಮಟ್ಟದಲ್ಲಿ ಮಾಡುತ್ತದೆ, ಬೇರೆ ಖರ್ಚಿಲ್ಲ. ಮಿತಿ ದಾಟಿದರೆ ಬರೆಯಲಿಕ್ಕೇ ಬಿಡದ ಗಟ್ಟಿ ಕೋಟಾ ಒಂದು, ಬರೀ ಮೇಲ್ ಕಳಿಸಿ ಎಚ್ಚರಿಸುವ ಮೆದು ಕೋಟಾ ಇನ್ನೊಂದು. ನನ್ನ ಆಯ್ಕೆ ಮೆದು ಕೋಟಾ. ಗಟ್ಟಿಯಾಗಿ ಹಾಕಿದರೆ ಜನ ಫೈಲ್‌ಗಳನ್ನು ಪೆನ್‌ಡ್ರೈವ್‌ಗೂ ತಮ್ಮ ಸ್ವಂತ ಮೇಲ್‌ಗೂ ಸಾಗಿಸಲು ಶುರು ಮಾಡುತ್ತಾರೆ, ಆ ಫೈಲ್‌ಗಳಿಗೆ ಬ್ಯಾಕಪ್ ಇರುವುದಿಲ್ಲ. ಹಾಡು, ಸಿನಿಮಾ ತುಂಬುತ್ತಿದ್ದರೆ ಮಾತ್ರ ಅದೇ ಟೂಲಿನ ಫೈಲ್ ಸ್ಕ್ರೀನಿಂಗ್ ಹಾಕಿ. ಕೋಟಾ ಹೊಸ ಜಾಗ ಕೊಡುವುದಿಲ್ಲ, ತುಂಬುವ ವೇಗ ತಗ್ಗಿಸುತ್ತದೆ ಅಷ್ಟೇ.

ಕುಗ್ಗಿಸುವುದು ಮತ್ತು ಡಿಡುಪ್ಲಿಕೇಶನ್

ವಿಂಡೋಸ್‌ನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್‌ನ ಹಳೇ ಕಂಪ್ರೆಷನ್ ಬಗ್ಗೆ ಜಾಸ್ತಿ ಆಸೆ ಬೇಡ. ಡಾಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್‌ಗಳು ಒಳಗೆ ಜಿಪ್ ಫೈಲ್‌ಗಳೇ. ಜೆಪೆಗ್, ವಿಡಿಯೋ, ಬಹುತೇಕ ಪಿಡಿಎಫ್‌ಗಳು ಆಗಲೇ ಕುಗ್ಗಿರುತ್ತವೆ. ಲಾಗ್ ಫೈಲ್, ಪಠ್ಯ ಫೈಲ್, ಡೇಟಾಬೇಸ್‌ನಿಂದ ತೆಗೆದ ಸಿಎಸ್‌ವಿ ಇದ್ದರೆ ಮಾತ್ರ ಉಪಯೋಗ.

ಡಿಡುಪ್ಲಿಕೇಶನ್ ಬೇರೆ ಮಾತು. ವಿಂಡೋಸ್ ಸರ್ವರ್ 2012ರಿಂದ ಇದು ಜತೆಗೇ ಬರುತ್ತದೆ. ಒಂದೇ ತುಣುಕು ಹತ್ತು ಫೈಲಿನಲ್ಲಿದ್ದರೆ ಡಿಸ್ಕ್‌ನಲ್ಲಿ ಒಂದೇ ಸಲ ಇಡುತ್ತದೆ. ಸಾಮಾನ್ಯ ಬಳಕೆದಾರರ ದಾಖಲೆಗಳಲ್ಲಿ 30ರಿಂದ 50 ಶೇಕಡಾ ಉಳಿತಾಯ ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ಆನ್ ಮಾಡುವ ಮೊದಲೇ ನಿಮ್ಮ ಫೋಲ್ಡರ್‌ನಲ್ಲಿ ಎಷ್ಟು ಉಳಿಯಬಹುದು ಅಂತ ಅಂದಾಜು ಕೊಡುವ ಟೂಲ್ ಕೂಡ ಅದರಲ್ಲೇ ಇದೆ, ಮೊದಲು ಅದನ್ನು ಓಡಿಸಿ.

ಬೆಲೆ ಕೊಡಬೇಕಾದದ್ದು ಬೇರೆ ಕಡೆ. ಪ್ರತಿ ಟಿಬಿ ಡೇಟಾಕ್ಕೆ ಸುಮಾರು 1 ಜಿಬಿ ರ‍್ಯಾಮ್ ಇದ್ದರೆ ಒಳ್ಳೆಯದು, ಹಳೇ ಯಂತ್ರದಲ್ಲಿ ಅಷ್ಟು ಬಿಡುವಾಗಿ ಇರುತ್ತದಾ ನೋಡಿ. ಫೈಲ್ ಅಳಿಸಿದ ಕೂಡಲೇ ಜಾಗ ಬರುವುದಿಲ್ಲ, ವಾರಕ್ಕೊಮ್ಮೆ ನಡೆಯುವ ಗಾರ್ಬೇಜ್ ಕಲೆಕ್ಷನ್ (ಯಾವ ಫೈಲಿಗೂ ಬೇಡದ ತುಣುಕು ತೆಗೆಯುವ ಕೆಲಸ) ಮುಗಿಯಬೇಕು. ಡಿಡುಪ್ಲಿಕೇಶನ್ ಇಲ್ಲದ ಬೇರೆ ಯಂತ್ರಕ್ಕೆ ಆ ಡಿಸ್ಕ್ ಹಾಕಿದರೆ ಫೈಲ್‌ಗಳು ತೆರೆಯುವುದಿಲ್ಲ. ಮುಖ್ಯವಾದದ್ದು ಇದು: 4 ಟಿಬಿ ಡಿಸ್ಕ್‌ನಲ್ಲಿ 6 ಟಿಬಿ ಫೈಲ್ ಕೂತಮೇಲೆ ಹೊಸ ಸರ್ವರ್‌ಗೆ ನಕಲು ಮಾಡುವ ದಿನ 6 ಟಿಬಿ ಜಾಗ ಬೇಕು. ಸರ್ವರ್‌ಗೆ ಇನ್ನೂ ಒಂದೆರಡು ವರ್ಷ ಆಯಸ್ಸಿದೆ, ಬ್ಯಾಕಪ್ ಗಟ್ಟಿಯಾಗಿದೆ, ನೋಡಿಕೊಳ್ಳಲು ಜನ ಇದ್ದಾರೆ ಅಂದರೆ ಇದು ಒಳ್ಳೇ ಆಯ್ಕೆ. ಡಿಸ್ಕ್ ಮೇಲೇ ಅನುಮಾನ ಇದ್ದರೆ ಬೇಡ, ಯಾಕೆಂದರೆ ಒಂದು ತುಣುಕು ಕೆಟ್ಟರೆ ಅದನ್ನು ನೆಚ್ಚಿಕೊಂಡ ಫೈಲ್‌ಗಳಿಗೆಲ್ಲ ಏಟು ಬೀಳಬಹುದು.

ಆರ್ಕೈವ್: ಮುಗಿದ ಕೆಲಸವನ್ನು ಬೇರೆ ಕಡೆ ಇಡುವುದು

ಅಳಿಸಲಿಕ್ಕಾಗದ, ಆದರೆ ದಿನವೂ ಬೇಕಾಗದ ಫೈಲ್‌ಗಳಿಗೆ ಇದು. ಮುಗಿದ ಪ್ರಾಜೆಕ್ಟ್‌ಗಳು, ಹಳೇ ವರ್ಷಗಳ ಲೆಕ್ಕಪತ್ರ. ಆರ್ಕೈವ್ ಮಾಡಿದರೆ ದಿನದ ಬ್ಯಾಕಪ್ ಕೂಡ ಹಗುರವಾಗುತ್ತದೆ. ಈ ಲಾಭವನ್ನು ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಸಾಗಿಸಿ ಡ್ರಾಯರ್‌ನಲ್ಲಿ ಇಟ್ಟರೆ ಅದು ಆರ್ಕೈವ್ ಅಲ್ಲ. ಆ ಒಂದು ಡಿಸ್ಕ್ ಕೆಟ್ಟ ದಿನ ಎಲ್ಲವೂ ಹೋಯಿತು. ಕನಿಷ್ಠ ಎರಡು ಡಿಸ್ಕ್, ಎರಡು ಜಾಗದಲ್ಲಿ, ವರ್ಷಕ್ಕೊಮ್ಮೆಯಾದರೂ ಎರಡನ್ನೂ ತೆರೆದು ನೋಡುವ ಒಬ್ಬ ಮನುಷ್ಯ. ಇಷ್ಟು ಮಾಡಿದರೆ ಕಡಿಮೆ ಬಜೆಟ್‌ನವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ವಿಂಡೋಸ್‌ನಲ್ಲಿ ರೋಬೊಕಾಪಿ ಅನ್ನುವ ನಕಲು ಆಜ್ಞೆಯ ಮಿನ್‌ಏಜ್ ಸ್ವಿಚ್ ಬಳಸಿದರೆ ಇಷ್ಟು ದಿನಕ್ಕಿಂತ ಹಳೇ ಫೈಲ್‌ಗಳನ್ನು ಮಾತ್ರ ಆರಿಸುತ್ತದೆ. ಮೊದಲು ಎಲ್ ಸ್ವಿಚ್ ಹಾಕಿ ಓಡಿಸಿ, ಆಗ ಏನನ್ನೂ ಮುಟ್ಟದೆ ಪಟ್ಟಿ ಮಾತ್ರ ತೋರಿಸುತ್ತದೆ. ಮಿರ್ ಸ್ವಿಚ್‌ನಿಂದ ದೂರ ಇರಿ: ಮೂಲದಲ್ಲಿ ಇಲ್ಲದ ಫೈಲನ್ನು ಅದು ಆರ್ಕೈವ್‌ನಿಂದಲೂ ಅಳಿಸುತ್ತದೆ.

ಆದಷ್ಟು ಪೂರ್ತಿ ಪ್ರಾಜೆಕ್ಟ್ ಫೋಲ್ಡರ್‌ಗಳನ್ನೇ ಸಾಗಿಸಿ. ಒಂದು ಫೋಲ್ಡರ್‌ನಿಂದ ಹಳೇ ಫೈಲ್ ಮಾತ್ರ ಆರಿಸಿ ತೆಗೆದರೆ, ಅರ್ಧ ಇಲ್ಲಿ ಅರ್ಧ ಅಲ್ಲಿ ಆಗಿ ಯಾರಿಗೂ ಏನೂ ಸಿಗದ ಸ್ಥಿತಿ ಬರುತ್ತದೆ.

ದೊಡ್ಡ ಡಿಸ್ಕ್ ಹಾಕುವುದು

ನೇರವಾದ ದಾರಿ ಅಂತ ಕಾಣುತ್ತದೆ. ಹಳೇ ಸರ್ವರ್‌ನಲ್ಲಿ ಇದೇ ಎಲ್ಲಕ್ಕಿಂತ ಅಪಾಯದ ದಾರಿ ಅಂತ ನನ್ನ ಅನಿಸಿಕೆ.

ರೇಡ್ 5ರಲ್ಲಿ (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಹಾಗೆ ಹಲವು ಡಿಸ್ಕ್ ಸೇರಿಸುವ ಪದ್ಧತಿಯಲ್ಲಿ) ನಾಲ್ಕು ಡಿಸ್ಕ್ ಇದೆ ಅಂತಿಟ್ಟುಕೊಳ್ಳಿ. ಒಂದೊಂದನ್ನೇ ತೆಗೆದು ದೊಡ್ಡದು ಹಾಕುತ್ತಾ ಹೋದರೆ ನಾಲ್ಕು ಸಲ ರೀಬಿಲ್ಡ್ ಆಗಬೇಕು, ಅಂದರೆ ಹೊಸ ಡಿಸ್ಕ್‌ಗೆ ಡೇಟಾ ಮತ್ತೆ ಬರೆಯಬೇಕು. ಪ್ರತಿ ಸಲವೂ ಉಳಿದ ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಓದಲಾಗುತ್ತದೆ, ಅವೂ ಅಷ್ಟೇ ವಯಸ್ಸಾದವು, ಮತ್ತೆ ಆ ಹೊತ್ತಿನಲ್ಲಿ ರೇಡ್‌ನ ರಕ್ಷಣೆಯೇ ಇರುವುದಿಲ್ಲ. ಇನ್ನೊಂದು ಡಿಸ್ಕ್ ಕೈಕೊಟ್ಟರೆ ಇಡೀ ವಾಲ್ಯೂಮ್ ಹೋಗುತ್ತದೆ. ಹಾಗಾಗಿ ಬ್ಯಾಕಪ್ ಇದೆ ಅನ್ನುವುದು ಸಾಲದು. ಆ ಬ್ಯಾಕಪ್‌ನಿಂದ ಒಂದು ದೊಡ್ಡ ಫೋಲ್ಡರ್ ವಾಪಸ್ ತಂದು, ಫೈಲ್ ತೆರೆದು ನೋಡಿದ ಮೇಲೆಯೇ ಮೊದಲ ಡಿಸ್ಕ್‌ಗೆ ಕೈ ಹಾಕಿ.

ಕೊಳ್ಳುವ ಮೊದಲು ಕೆಲವು ಸಂಗತಿ ಖಚಿತ ಮಾಡಿಕೊಳ್ಳಿ. ಹಳೇ ರೇಡ್ ಕಂಟ್ರೋಲರ್‌ಗಳಲ್ಲಿ ಕೆಲವು 2 ಟಿಬಿಗಿಂತ ದೊಡ್ಡ ಡಿಸ್ಕ್ ಗುರುತಿಸುವುದಿಲ್ಲ. ಡಿಸ್ಕ್‌ನ ಭಾಗಗಳ ಪಟ್ಟಿ ಹಳೇ ಎಂಬಿಆರ್ ರೀತಿಯದ್ದಾಗಿದ್ದರೆ ವಾಲ್ಯೂಮ್ 2 ಟಿಬಿಗಿಂತ ಬೆಳೆಯುವುದಿಲ್ಲ, ಹೊಸ ರೀತಿಯ ಜಿಪಿಟಿ ಬೇಕು, ಮತ್ತೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಡೇಟಾ ಡಿಸ್ಕನ್ನು ಜಿಪಿಟಿ ಮಾಡಬೇಕಾದರೆ ಅದು ಖಾಲಿ ಇರಬೇಕು. ಎಸ್‌ಎಂಆರ್ ತಂತ್ರದ ಡಿಸ್ಕ್‌ಗಳು ರೀಬಿಲ್ಡ್‌ನಲ್ಲಿ ತುಂಬಾ ನಿಧಾನ, ಸಿಎಂಆರ್ ಅಂತ ವಿವರದಲ್ಲಿ ಬರೆದಿದ್ದನ್ನೇ ತನ್ನಿ. ಡಬ್ಬಿ ಮೇಲೆ 4 ಟಿಬಿ ಅಂತಿದ್ದರೆ ವಿಂಡೋಸ್ ತೋರಿಸುವುದು 3.63 ಮಾತ್ರ, ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ. ಮತ್ತೆ ಜಾಗ ಎರಡರಷ್ಟಾದರೆ ಬ್ಯಾಕಪ್‌ಗೂ ಎರಡರಷ್ಟು ಜಾಗ ಬೇಕಾಗುತ್ತದೆ.

ಸರ್ವರ್‌ನಲ್ಲಿ ಖಾಲಿ ಬೇ (ಡಿಸ್ಕ್ ಕೂರಿಸುವ ಜಾಗ) ಇದ್ದರೆ ಮಾತು ಬೇರೆ. ಹೊಸ ಎರಡು ಡಿಸ್ಕ್ ಹಾಕಿ, ಅವನ್ನು ಪ್ರತ್ಯೇಕ ಮಿರರ್ (ಎರಡರಲ್ಲೂ ಅದೇ ಡೇಟಾ) ಮಾಡಿ, ಒಂದು ವಿಭಾಗದ ಫೋಲ್ಡರ್ ಅಲ್ಲಿಗೆ ಸಾಗಿಸಬಹುದು. ಹಳೇದನ್ನು ಮುಟ್ಟುವುದೇ ಬೇಡ. ಡಿಸ್ಕ್ ಸೇರಿಸಲೇಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ, ಸರ್ವರ್ ಹೋದಮೇಲೂ ಆ ಡಿಸ್ಕ್‌ಗಳು ಬೇರೆ ಕಡೆ ಕೆಲಸಕ್ಕೆ ಬರುತ್ತವೆ.

ನ್ಯಾಸ್

ಎರಡು ಅಥವಾ ನಾಲ್ಕು ಬೇ ಇರುವ ಒಂದು ನ್ಯಾಸ್ ತಂದು ಪಕ್ಕದಲ್ಲಿಡುವುದು ಮಧ್ಯಮ ಬಜೆಟ್‌ಗೆ ಬಹಳ ಸರಿಹೊಂದುತ್ತದೆ. ಒಂದೇ ಸಲದ ಖರ್ಚು, ಹಳೇ ಸರ್ವರ್‌ಗೆ ಅಪಾಯ ಇಲ್ಲ, ನಾಳೆ ಸರ್ವರ್ ಬದಲಾಯಿಸಿದರೂ ನ್ಯಾಸ್ ಬ್ಯಾಕಪ್ ಆಗಿ ಉಳಿಯುತ್ತದೆ.

ತೊಂದರೆ ಇರುವುದು ದಾರಿ ಬದಲಾಗುವುದರಲ್ಲಿ. ಲೆಕ್ಕದ ವಿಭಾಗದಲ್ಲಿ ಒಂದು ಎಕ್ಸೆಲ್ ಶೀಟ್ ಇರುತ್ತದೆ, ಅದು ಇನ್ನೂ ಹತ್ತು ಶೀಟ್‌ಗಳಿಂದ ಅಂಕಿ ಎಳೆದುಕೊಳ್ಳುತ್ತಿರುತ್ತದೆ, ಪ್ರತಿ ಲಿಂಕ್‌ನಲ್ಲೂ ಹಳೇ ಸರ್ವರ್‌ನ ಹೆಸರು ಇರುತ್ತದೆ. ಫೋಲ್ಡರ್ ಸಾಗಿಸಿದ ಮರುದಿನ ಆ ಶೀಟ್ ಹಳೇ ಅಂಕಿಯನ್ನೇ ತೋರಿಸುತ್ತಾ ಕೂರುತ್ತದೆ, ತಿಂಗಳ ಕೊನೆಯವರೆಗೆ ಯಾರಿಗೂ ಗೊತ್ತೇ ಆಗದೆ ಇರಬಹುದು. ಇದನ್ನು ತಪ್ಪಿಸಲು ಡಿಎಫ್‌ಎಸ್ ನೇಮ್‌ಸ್ಪೇಸ್ ಇದೆ: ಜನರಿಗೆ ಕಾಣುವ ದಾರಿ ಒಂದೇ ಇರುತ್ತದೆ, ಹಿಂದೆ ಫೈಲ್ ಯಾವ ಯಂತ್ರದಲ್ಲಿದ್ದರೂ ನಡೆಯುತ್ತದೆ. ಅದನ್ನು ಈಗಲೇ ಹಾಕಿಕೊಂಡರೆ ಮುಂದೆ ಸರ್ವರ್ ಬದಲಾಯಿಸುವ ದಿನ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಅನುಮತಿಗಳು ತಾವಾಗಿ ಬರುತ್ತವೆ ಅಂತ ನಂಬಬೇಡಿ, ಸಂಬಳದ ಫೋಲ್ಡರ್ ಯಾರಿಗೆಲ್ಲ ತೆರೆಯುತ್ತದೆ ಅಂತ ಒಬ್ಬ ಸಾಮಾನ್ಯ ಬಳಕೆದಾರನ ಲಾಗಿನ್‌ನಿಂದಲೇ ಪರೀಕ್ಷಿಸಿ.

ಕ್ಲೌಡ್

ವರ್ಡ್, ಎಕ್ಸೆಲ್, ಪಿಡಿಎಫ್ ಇರುವ, ಜನ ಬೇರೆ ಬೇರೆ ಕಡೆಯಿಂದ ಕೆಲಸ ಮಾಡುವ ಆಫೀಸಿಗೆ ಒಳ್ಳೆಯದು. ಹಾರ್ಡ್‌ವೇರ್ ಚಿಂತೆ ಹೋಗುತ್ತದೆ. ಬದಲಿಗೆ ಖರ್ಚು ತಿಂಗಳು ತಿಂಗಳು ಬರುತ್ತದೆ, ಅದು ಫೈಲ್ ಬೆಳೆದ ಹಾಗೆ ಬೆಳೆಯುತ್ತದೆ. ಕಸವನ್ನೂ ಸೇರಿಸಿ ಮೇಲಕ್ಕೆ ಕಳಿಸಿದರೆ ಕಸಕ್ಕೂ ಬಾಡಿಗೆ ಕಟ್ಟುತ್ತೀರಿ, ಹಾಗಾಗಿ ಶುಚಿ ಮಾಡುವ ಕೆಲಸ ಇಲ್ಲೂ ತಪ್ಪುವುದಿಲ್ಲ.

ಅಪ್‌ಲೋಡ್ ವೇಗ ಲೆಕ್ಕ ಹಾಕಿ. 1 ಟಿಬಿಯನ್ನು 100 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಒಂದು ಕ್ಷಣವೂ ನಿಲ್ಲದೆ ಕಳಿಸಿದರೂ 22 ಗಂಟೆ ಬೇಕು. 20 ಎಂಬಿಪಿಎಸ್ ಆದರೆ ನಾಲ್ಕೂವರೆ ದಿನಕ್ಕೂ ಜಾಸ್ತಿ, ಅಷ್ಟೂ ಹೊತ್ತು ಆಫೀಸಿನ ಉಳಿದ ಕೆಲಸಕ್ಕೆ ಇಂಟರ್ನೆಟ್ ಇಲ್ಲದ ಹಾಗೆ. ದೊಡ್ಡ ಕ್ಯಾಡ್ ಫೈಲ್, ವಿಡಿಯೋ ಎಡಿಟಿಂಗ್, ಹತ್ತು ಜನ ಒಟ್ಟಿಗೆ ತೆರೆಯುವ ಆಕ್ಸೆಸ್ ಡೇಟಾಬೇಸ್ ಇದ್ದರೆ ಕ್ಲೌಡ್ ಸರಿಹೋಗುವುದಿಲ್ಲ. ಮತ್ತೆ ಸಿಂಕ್ ಅಂದರೆ ಬ್ಯಾಕಪ್ ಅಲ್ಲ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಬೆಂಬಲ ಮುಗಿದ ಆಪರೇಟಿಂಗ್ ಸಿಸ್ಟಮ್ ಅಥವಾ ಸೆಕ್ಟರ್ ಕೆಡುತ್ತಿರುವ ಡಿಸ್ಕ್ ಇದ್ದರೆ ಈ ಸರ್ವರ್‌ಗೆ ಖರ್ಚು ಮಾಡಬೇಡಿ. ಶುಚಿ ಮಾಡಿ ಎರಡು ಮೂರು ತಿಂಗಳು ದೂಡಿ, ಆ ದುಡ್ಡನ್ನು ಹೊಸ ಸರ್ವರ್‌ಗೋ ನ್ಯಾಸ್‌ಗೋ ಹಾಕಿ. ಶುಚಿ ಮಾಡಿದ ಕೆಲಸ ವ್ಯರ್ಥವಾಗುವುದಿಲ್ಲ, ಸಾಗಿಸುವಾಗ ಅಷ್ಟು ಕಡಿಮೆ ಸಾಗಿಸಿದರೆ ಸಾಕು.

ಸರ್ವರ್ ಇನ್ನೂ ಗಟ್ಟಿಯಾಗಿದೆ, ಬಜೆಟ್ ಮಾತ್ರ ಇಲ್ಲ ಅನ್ನುವವರು ಸ್ಕ್ಯಾನರ್ ಸರಿಮಾಡಿ, ಪಿಎಸ್‌ಟಿಗಳನ್ನು ಹೊರಗೆ ಹಾಕಿ, ಎರಡು ಡಿಸ್ಕ್‌ಗೆ ಆರ್ಕೈವ್ ಮಾಡಿ, ಮೆದು ಕೋಟಾ ಹಾಕಿ. ಸಣ್ಣ ಆಫೀಸಿಗೆ ಇಷ್ಟರಲ್ಲೇ ಒಂದು ವರ್ಷ ಸಿಗುವುದು ಸಾಧ್ಯ. ಐಟಿ ಜನ ಇರುವ, ನಕಲು ಫೈಲ್ ಜಾಸ್ತಿ ಇರುವ ಕಡೆ ಇದಕ್ಕೆ ಡಿಡುಪ್ಲಿಕೇಶನ್ ಸೇರಿಸಿ. ವಿನ್ಯಾಸ, ವಿಡಿಯೋ ಕೆಲಸದವರಿಗೆ ಡಿಡುಪ್ಲಿಕೇಶನ್‌ನಿಂದಲೂ ಹೆಚ್ಚು ಸಿಗುವುದಿಲ್ಲ, ಕ್ಲೌಡ್ ಕೂಡ ನಿಧಾನ. ಅವರಿಗೆ ನ್ಯಾಸ್, ಜತೆಗೆ ಮುಗಿದ ಪ್ರಾಜೆಕ್ಟ್‌ಗಳ ಆರ್ಕೈವ್. ನೋಡಿಕೊಳ್ಳುವವರೇ ಇಲ್ಲದ, ಬರೀ ದಾಖಲೆ ಫೈಲ್‌ಗಳಿರುವ ಆಫೀಸಿಗೆ ಕ್ಲೌಡ್‌ನ ತಿಂಗಳ ಖರ್ಚು ಹೊರೆ ಅನಿಸಿದರೂ ಅದೇ ಸರಿ.

ಈಗಾಗಲೇ ಒಂದೆರಡು ಶೇಕಡಾ ಮಾತ್ರ ಉಳಿದಿದೆ, ಇವತ್ತೇ ಸೇವ್ ಆಗುತ್ತಿಲ್ಲ ಅನ್ನುವ ಸ್ಥಿತಿ ಇದ್ದರೆ ಗಾಬರಿಯಲ್ಲಿ ಯಾರ ಫೋಲ್ಡರ್‌ಗೂ ಕೈ ಹಾಕಬೇಡಿ. ಮೊದಲು ಐಎಸ್‌ಒಗಳು, ಡೌನ್‌ಲೋಡ್ ಮಾಡಿಟ್ಟ ಇನ್‌ಸ್ಟಾಲರ್‌ಗಳು, ಹಳೇ ಲಾಗ್‌ಗಳು, ಸರ್ವರ್ ತನ್ನ ಡಿಸ್ಕ್‌ನಲ್ಲೇ ಇಟ್ಟುಕೊಂಡ ಹಳೇ ಬ್ಯಾಕಪ್ ನಕಲುಗಳನ್ನು ನೋಡಿ. ಬ್ಯಾಕಪ್ ನಕಲು ತೆಗೆಯುವ ಮೊದಲು ಹೊಸದೊಂದು ಬೇರೆ ಕಡೆ ಸುರಕ್ಷಿತವಾಗಿದೆಯಾ ಖಚಿತ ಮಾಡಿಕೊಳ್ಳಿ. ಶ್ಯಾಡೋ ಕಾಪಿಗೆ (ಫೈಲ್‌ಗಳ ಹಳೇ ಆವೃತ್ತಿ ಉಳಿಸುವ ವಿಂಡೋಸ್ ಸೌಲಭ್ಯಕ್ಕೆ) ಎಷ್ಟು ಜಾಗ ಹೋಗಿದೆ ಅಂತಲೂ ನೋಡಿ. ಅದರ ಮಿತಿ ಇಳಿಸಿದರೆ ಜಾಗ ಕೂಡಲೇ ಸಿಗುತ್ತದೆ, ಆದರೆ ಹಳೇ ಆವೃತ್ತಿಗಳು ಹೋಗುತ್ತವೆ, ಹಾಗಾಗಿ ಅದು ಕೊನೆಯ ಉಪಾಯ. ಉಸಿರಾಡುವಷ್ಟು ಜಾಗ ಸಿಕ್ಕ ಕೂಡಲೇ ಆ ವಾಲ್ಯೂಮ್‌ನಲ್ಲಿ 20 ಜಿಬಿಯ ಒಂದು ಖಾಲಿ ಫೈಲ್ ಮಾಡಿಡಿ, ಅದಕ್ಕೆ ಅರ್ಥವಾಗುವ ಹೆಸರು ಕೊಡಿ. ಮುಂದಿನ ಸಲ ಡ್ರೈವ್ ತುಂಬಿದರೆ ಅದೊಂದನ್ನು ಅಳಿಸಿ ಎಲ್ಲರ ಕೆಲಸ ನಡೆಯುವ ಹಾಗೆ ಮಾಡಿ, ಆಮೇಲೆ ನಿಧಾನವಾಗಿ ಕೂತು ಕಾರಣ ಹುಡುಕಬಹುದು. ಜತೆಗೆ ಖಾಲಿ ಜಾಗ 15 ಶೇಕಡಾಕ್ಕಿಂತ ಕೆಳಗೆ ಇಳಿದರೆ ಮೇಲ್ ಬರುವ ಹಾಗೆ ಇವತ್ತೇ ಹೊಂದಿಸಿ, ಆ ಮೇಲ್ ಇಬ್ಬರಿಗಾದರೂ ಹೋಗಲಿ.